ಒಂದಕ್ಕಿಂತ ಹೆಚ್ಚು ಕಾಯಿಲೆ ಇರುವವರೇ, ನಿಮ್ಮನ್ನು ನೀವೇ ಬೈದುಕೊಳ್ಳುವುದನ್ನು ಹೇಗೆ ಬಿಟ್ಟಿರಿ?

ಪ್ರಶ್ನೆ, ಮಂಡ್ಯದಿಂದ: ಸಕ್ಕರೆ ಕಾಯಿಲೆ, ಥೈರಾಯ್ಡ್, ಜೊತೆಗೆ ಸಂಧಿವಾತ. ಎಷ್ಟು ಪಥ್ಯ ಮಾಡಿದರೂ ಈ ಸಲ ಸಕ್ಕರೆ ಏರಿದೆ. ಬಾಯಿ ಕಟ್ಟಲಾರದವಳು ಎಂದು ನನ್ನನ್ನೇ ಹಳಿದುಕೊಳ್ಳುತ್ತಿದ್ದೇನೆ. ನೀವೆಲ್ಲ ಏನು ಮಾಡಿದಿರಿ?

ಮೈಸೂರು, ಕುವೆಂಪುನಗರ: ಮೊದಲು ಇದನ್ನು ಹೇಳಿ, ಕೀಲು ಊದಿದಾಗ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರೇ? ಆ ಮಾತ್ರೆಯೇ ಸಕ್ಕರೆ ಏರಿಸುತ್ತದೆ. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನ, ಸಂಜೆಯ ಹೊತ್ತಿಗೆ ಏರಿಕೆ ಜಾಸ್ತಿ. ಎಚ್‌ಬಿಎ1ಸಿ ರಕ್ತಪರೀಕ್ಷೆ ಹೆಚ್ಚುಕಡಿಮೆ 3 ತಿಂಗಳ ಸಕ್ಕರೆಯ ಸರಾಸರಿ ತೋರಿಸುವುದರಿಂದ ನಡುವೆ ನುಂಗಿದ ಸ್ಟೀರಾಯ್ಡ್ ಲೆಕ್ಕವೂ ಅದರಲ್ಲಿ ಸೇರಿಕೊಳ್ಳುತ್ತದೆ. ನಿಮ್ಮ ಬಾಯಿಚಪಲ ಒಂದನ್ನೇ ಅದು ಅಳೆಯುವುದಿಲ್ಲ ತಾಯಿ. ನನಗೂ ಸಕ್ಕರೆ, ಸಂಧಿವಾತ ಎರಡೂ ಇವೆ. ವರದಿ ಕೈಗೆ ಬಂದ ಕೂಡಲೇ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ: "ಮಣಿಕಟ್ಟು ಊದಿತ್ತು, ಸ್ಟೀರಾಯ್ಡ್ ಇತ್ತು, ನಿದ್ದೆ ಇಲ್ಲ." ಸಕ್ಕರೆ ನೋಡುವ ವೈದ್ಯರಿಗೆ ಕೀಲಿನ ವೈದ್ಯರ ಚೀಟಿ ಕಾಣುವುದೇ ಇಲ್ಲವಲ್ಲ! ಇದನ್ನು ಓದಿದ ಮೇಲೆ ಅವರು ಗದರುವುದೂ ಕಡಿಮೆಯಾಗಿದೆ. ಹಾಗೆಂದು ಆ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅಪಾಯ.

ಮದ್ದೂರು: ನನ್ನ ಕೊರಗು ಅಡುಗೆಮನೆಯದು, ತಂಗಿ. ಬೆಳಿಗ್ಗೆ ಬೆರಳು ಮಡಚಲು ಬಾರದ ದಿನ ಮುದ್ದೆ ತಿರುವುವುದಾದರೂ ಹೇಗೆ? ಈಗ ಮಗ ಕೋಲು ಹಿಡಿಯುತ್ತಾನೆ. ಮುದ್ದೆಯ ತುಂಬ ಗಂಟು, ನಡುವೆ ಹಸಿ ಹಿಟ್ಟು. ಬಸ್ಸಾರು ಹಾಕಿಕೊಂಡು ನುಂಗುತ್ತೇವೆ. ಅತ್ತೆಯವರ ಮುಖ ಇನ್ನೂ ಸಡಿಲಾಗಿಲ್ಲ. ಇರಲಿ ಬಿಡಿ.

ಮೈಸೂರು, ನಿವೃತ್ತ ಶಿಕ್ಷಕ: "ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತದೆ" ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ನನ್ನ ಮೂತ್ರಪಿಂಡ, ರಕ್ತದೊತ್ತಡ ಸರಿಹೋಗುವಂಥವಲ್ಲ. ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಲ್ಲಿ ತನ್ನ ಮೇಲಿನ ಕರುಣೆಗೆ ಮೂರು ಅಂಗ ಹೇಳಿದರು: ತನ್ನೊಡನೆ ಮೃದುವಾಗಿರುವುದು, ಕಷ್ಟ ಎಲ್ಲರಿಗೂ ಇದ್ದದ್ದೇ ಎಂಬ ಅರಿವು, ನೋವನ್ನು ಮುಚ್ಚಿಡದೆ ಹಿಗ್ಗಿಸದೆ ಇದ್ದಂತೆ ನೋಡುವುದು. ಮೃದುತ್ವ ನನ್ನ ಜಾಯಮಾನವಲ್ಲ, ಕೊನೆಯದು ಒಗ್ಗಿತು. ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವಾಗ ಅರ್ಧಕ್ಕೇ ಸುಸ್ತಾದರೆ "ಇವತ್ತು ಇಷ್ಟೇ" ಎಂದು ತಿರುಗಿ ಬರುತ್ತೇನೆ. ಮೊದಲಾದರೆ ಹಟಕ್ಕೆ ಸುತ್ತು ಮುಗಿಸಿ ಮರುದಿನವೆಲ್ಲ ಮಲಗುತ್ತಿದ್ದೆ. ಹಳಿದುಕೊಳ್ಳುವುದು ನಿದ್ದೆಗೆಡಿಸುವಷ್ಟಾದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.