ತಮ್ಮನಿಗೆ ಸಿಐಸಿ (ಆಗಾಗ ಪೈಪ್ ಹಾಕಿ ಮೂತ್ರ ತೆಗೆಯೋದು) ಮಾಡಿಸೋದಾ, ಎಸ್‌ಪಿಸಿ (ಹೊಟ್ಟೆಯಿಂದ ಮೂತ್ರಕೋಶಕ್ಕೆ ಒಳಗೇ ಇರುವ ಪೈಪ್) ಹಾಕಿಸೋದಾ? ಅನುಭವ ಇರುವವರು ಹೇಳಿ

ತೀರ್ಥಹಳ್ಳಿ ಅಕ್ಕ: ತಮ್ಮ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಟಿ10ರಲ್ಲಿ (ಸಿ ಕುತ್ತಿಗೆ, ಟಿ ಎದೆ, ಎಲ್ ಸೊಂಟದ ಮಟ್ಟ) ಪೆಟ್ಟು. ಕೈ ಗಟ್ಟಿ ಇದೆ. ಫೋಲಿ (ಮೂತ್ರನಾಳದಲ್ಲಿ ಒಳಗೇ ಇರುವ ಪೈಪ್) ಹಾಕಿಕೊಂಡೇ ಮನೆಗೆ ಬಂದ, ಪದೇ ಪದೇ ಚಳಿಜ್ವರ. ಡಾಕ್ಟರ್ ಸಿಐಸಿ ಕಲಿ ಅನ್ನುತ್ತಾರೆ. ಇವನು ಹೊಟ್ಟೆಗೇ ಪೈಪ್ ಹಾಕಿಸಿಬಿಡಿ ಅನ್ನುತ್ತಾನೆ. ಏನು ಮಾಡೋಣ?

ಸಾಗರ, ಎಲ್1: ಸಿಐಸಿ. ಎರಡನೇ ಮಾತೇ ಇಲ್ಲ. ನಾಲ್ಕೈದು ಗಂಟೆಗೊಮ್ಮೆ ತೆಗೆಯುತ್ತೇನೆ, 400 ಎಂಎಲ್ ದಾಟಲು ಬಿಡುವುದಿಲ್ಲ. 14 ನಂಬರ್ ಪೈಪ್ ಒಂದಕ್ಕೆ 45 ರೂಪಾಯಿ, ಜೆಲ್ಲಿ ಬೇರೆ. ದಿನಕ್ಕೆ ಐದು ಹೊಸದು ಅಂದರೆ ತಿಂಗಳಿಗೆ 6,750. ಎಲ್ಲಿಂದ ತರೋದು? ಸೋಪು ನೀರಲ್ಲಿ ಒಳಗೂ ಹೊರಗೂ ತೊಳೆದು, ಜಾಡಿಸಿ, ಒಣಗಿಸಿ, ಡಬ್ಬಿಯಲ್ಲಿಟ್ಟು ಮತ್ತೆ ಬಳಸುತ್ತೇನೆ. ಬ್ಲಾಡರ್ (ಮೂತ್ರಕೋಶ) ಸಡಿಲಿಸುವ ಆಕ್ಸಿಬ್ಯುಟಿನಿನ್ ಮಾತ್ರೆಯಿಂದ ಬಾಯಿ ಒಣಗಿ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಾಲಿಫೆನಾಸಿನ್‌ಗೆ ಬದಲಾಯಿಸಿದ ಮೇಲೆ ಪರವಾಗಿಲ್ಲ. ಕಿಡ್ನಿ ಇವತ್ತಿಗೂ ಚೆನ್ನಾಗಿದೆ. ಕೈ ಇದ್ದೂ ಪೈಪ್ ಹಾಕಿಸಿಕೊಳ್ಳೋದು ಸೋಮಾರಿತನ.

ಮಂಡ್ಯ: ಸೋಮಾರಿತನಾನಾ? ನಮ್ಮೆಜಮಾನರಿಗೆ ಸಿ6. ಬೆರಳಲ್ಲಿ ಹಿಡಿತವೇ ಇಲ್ಲ. ನಾನು ಕೆಲಸಕ್ಕೆ ಹೋಗಬೇಕಾ, ನಾಲ್ಕು ಗಂಟೆಗೊಮ್ಮೆ ಓಡಿ ಬರಬೇಕಾ? ಎಸ್‌ಪಿಸಿ ಹಾಕಿಸಿದೆವು. ಸಿಲಿಕಾನ್ ಪೈಪ್ 350, ತಿಂಗಳಿಗೊಮ್ಮೆ ಬದಲಾಯಿಸುವ ನರ್ಸ್‌ಗೆ 500, ಬ್ಯಾಗ್ ಬೇರೆ. ಮಧ್ಯೆ ಬ್ಲಾಡರಿನಲ್ಲಿ ಕಲ್ಲಾಯಿತು, ತೆಗೆಸಲು 38,000. ಒಂದು ರಾತ್ರಿ ಪೈಪ್ ತೊಡೆಯಡಿ ಮಡಚಿಕೊಂಡಿತ್ತು. ಮುಖ ಕೆಂಪು, ಹಣೆ ತುಂಬ ಬೆವರು, ತಲೆ ಸಿಡಿಯುತ್ತೆ ಅಂದರು. ಬಿಪಿ 210. ಎತ್ತಿ ಕೂರಿಸಿ ಪೈಪ್ ನೆಟ್ಟಗೆ ಮಾಡಿದೆ. ಬ್ಯಾಗಿಗೆ ದಬದಬ ಇಳಿಯಿತು, ಬಿಪಿಯೂ ಇಳಿಯಿತು. ಮೂತ್ರ ಕಟ್ಟಿಕೊಂಡರೆ ಬಿಪಿ ಹೀಗೆ ಏರುತ್ತೆ ಅನ್ನೋದು ಟಿ6, ಅದಕ್ಕಿಂತ ಮೇಲೆ ಪೆಟ್ಟಾದವರ ಮನೆಯಲ್ಲಿ ಗೊತ್ತಿರಲೇಬೇಕು. ಆದರೂ ಎಸ್‌ಪಿಸಿ ಬಿಡುವುದಿಲ್ಲ. ಇಬ್ಬರಿಗೂ ರಾತ್ರಿ ನಿದ್ದೆ ಸಿಗುತ್ತಿದೆ.

ಬಳ್ಳಾರಿ, ಟಿ4: ತೊಳೆದು ಬಳಸೋದು ಡೇಂಜರ್. ನಾನು ಪ್ರತಿ ತಿಂಗಳು ಯೂರಿನ್ ಕಲ್ಚರ್ (ಬ್ಯಾಕ್ಟೀರಿಯಾ ಪರೀಕ್ಷೆ) ಮಾಡಿಸುತ್ತೇನೆ. ಏನೇ ಬೆಳೆದರೂ ಆಂಟಿಬಯಾಟಿಕ್ ಕೋರ್ಸ್ ಮುಗಿಸುತ್ತೇನೆ.

ಸಾಗರ, ಎಲ್1: ಹೊಸದಕ್ಕೆ ದುಡ್ಡು ನೀವು ಕೊಡುತ್ತೀರಾ? 1972ರಲ್ಲಿ ಅಮೆರಿಕದ ಡಾ. ಲ್ಯಾಪಿಡಿಸ್ ಹೇಳಿದ್ದೇ ಇದು. ಸ್ಟೆರೈಲ್ ಬೇಕಿಲ್ಲ, ಶುಚಿ ಇದ್ದರೆ ಸಾಕು, ಬ್ಲಾಡರ್ ಉಬ್ಬುವ ಮೊದಲೇ ಖಾಲಿ ಮಾಡಬೇಕು.

ಹುಬ್ಬಳ್ಳಿ: ಬಳ್ಳಾರಿಯವರೇ, ಏನೇ ಬೆಳೆದರೂ ಆಂಟಿಬಯಾಟಿಕ್ ಅನ್ನೋ ಸಲಹೆ ಯಾರಿಗೂ ಕೊಡಬೇಡ್ರಿ. ಪೈಪ್ ಬಳಸುವವರ ಯೂರಿನ್‌ನಲ್ಲಿ ಬ್ಯಾಕ್ಟೀರಿಯಾ ಬಹಳ ಸಲ ಇದ್ದೇ ಇರುತ್ತದೆ. ಜ್ವರ, ನಡುಕ ಬಂದರೆ, ಸ್ಪಾಸಂ (ಸ್ನಾಯು ಸೆಳೆತ) ಜಾಸ್ತಿ ಆದರೆ ಆಗ ಔಷಧ. ನಮ್ಮಣ್ಣ ಸುಮ್ನೆ ಮಾತ್ರೆ ನುಂಗಿ ನುಂಗಿ, ನಿಜವಾದ ಇನ್ಫೆಕ್ಷನ್ ಬಂದಾಗ ಮೆರೊಪೆನೆಮ್ ಅನ್ನೋ ಸ್ಟ್ರಾಂಗ್ ಆಂಟಿಬಯಾಟಿಕ್ ಒಂದೇ ಉಳಿದಿತ್ತು. ಎಂಟು ಗಂಟೆಗೊಂದು ಇಂಜೆಕ್ಷನ್, ಅಡ್ಮಿಟ್, ಬಿಲ್ ಲಕ್ಷ ದಾಟಿತು.

ಬಳ್ಳಾರಿ, ಟಿ4: ನೀವೇನು ಡಾಕ್ಟರಾ? ನನ್ನ ಡಾಕ್ಟರ್ ಬರೆದುಕೊಟ್ಟಿದ್ದನ್ನೇ ತಗೊಳ್ಳೋದು.

ಶಿರಸಿ, ಟಿ12: ಗಂಡಸರು ವೀಲ್‌ಚೇರ್ ಮೇಲೇ ಮುಗಿಸಿಕೊಳ್ಳುತ್ತೀರಿ. ನಾವು ಬಟ್ಟೆ ಇಳಿಸಿ, ಕಮೋಡಿಗೆ ಜಾರಿ, ಕನ್ನಡಿ ಹಿಡಿದು ಜಾಗ ಹುಡುಕಬೇಕು. ಬಸ್ ಸ್ಟ್ಯಾಂಡಿನ ಶೌಚಾಲಯದ ಬಾಗಿಲಲ್ಲಿ ವೀಲ್‌ಚೇರ್ ಹೋಗುವುದೇ ಇಲ್ಲ. ಮದುವೆ ಮನೆಗೆ ನೀರು ಕುಡಿಯದೆ ಹೋಗುತ್ತೇನೆ. ಇದೂ ಸೋಮಾರಿತನಾನಾ ಸಾಗರದವರೇ?

ತೀರ್ಥಹಳ್ಳಿ ಅಕ್ಕ: ಯುರೋಡೈನಮಿಕ್ ಟೆಸ್ಟ್ (ಬ್ಲಾಡರ್ ಒತ್ತಡ ಅಳೆಯೋದು) ಮೊದಲೇ ಮಾಡಿಸಬೇಕಾ?

ಮಂಡ್ಯ: ಮಾಡಿಸಿಬಿಡಿ ಅಕ್ಕಾ. ಬ್ಲಾಡರ್ ಒಳಗಿನ ಒತ್ತಡ 40 ಸೆಂ.ಮೀ. ನೀರಿನ ಮಟ್ಟ ದಾಟಿದರೆ ಕಿಡ್ನಿಗೆ ಅಪಾಯ. ಸಾಗರದವರು ಮಾಡಿಸಿದ್ದಾರಾ ಕೇಳಿ.

ಸಾಗರ, ಎಲ್1: ಮಾಡಿಸಿದ್ದೇನೆ. ವರ್ಷಾ ವರ್ಷಾ ಸ್ಕ್ಯಾನು, ಕಿಡ್ನಿಯ ರಕ್ತ ಪರೀಕ್ಷೆ ಕ್ರಿಯಾಟಿನಿನ್ನೂ ತಪ್ಪಿಸಿಲ್ಲ. ಶಿರಸಿ ಮೇಡಂಗೆ ನಾನು ಅಂದಿದ್ದಲ್ಲ. ಟಿ10, ಕೈ ಗಟ್ಟಿ ಇರುವ ಹುಡುಗನ ಬಗ್ಗೆ ಹೇಳಿದ್ದು, ಅದನ್ನು ವಾಪಸ್ ತಗೊಳ್ಳುವುದಿಲ್ಲ.