ಅಪ್‌ಡೇಟ್: ಟೈಮರಿನ ಕ್ರಿಸ್ಟಲ್‌ಗೆ ಈಗ 27 ಪಿಕೋಫ್ಯಾರಡ್

ಬದಿಯಡ್ಕದ ನಮ್ಮ ಅಡಿಕೆ ತೋಟದ ಸ್ಪ್ರಿಂಕ್ಲರ್ ಟೈಮರ್ ದಿನವೂ ಕೆಲವು ಸೆಕೆಂಡ್ ಮುಂದೆ ಹೋಗುತ್ತಿತ್ತು. ಟೈಮರಿಗೆ ತಾಳ ಕೊಡುವ 16 ಮೆಗಾಹರ್ಟ್ಸ್ ಕ್ರಿಸ್ಟಲ್‌ನ ಲೋಡ್, ಅಂದರೆ ಸರಿಯಾಗಿ ಓಡಲು ಅದಕ್ಕೆ ಬೇಕಾದ ಕೆಪಾಸಿಟೆನ್ಸ್, 18 ಪಿಕೋಫ್ಯಾರಡ್, ಕಿಟ್ಟಿನಲ್ಲಿ ಬಂದದ್ದು 15ರ ಎರಡು ಕೆಪಾಸಿಟರ್, ಸಾಕೇ ಎಂದು ಕೇಳಿದ್ದೆ. ಲೆಕ್ಕ ಬಿಡಿಸಿ ಹೇಳಿದ ಅಣ್ಣನಿಗೆ ತುಂಬಾ ಧನ್ಯವಾದ.

ಕ್ರಿಸ್ಟಲ್‌ನ ಮಟ್ಟಿಗೆ ಆ ಎರಡೂ ಸೀರೀಸ್‌ನಲ್ಲಿವೆ, ಅಂದರೆ ಸಿಗುವುದು ಏಳೂವರೆ ಮಾತ್ರ. ಪಿನ್ನು, ಟ್ರ್ಯಾಕುಗಳಿಂದ ತಾನಾಗಿ ಸೇರುವ ಕೆಪಾಸಿಟೆನ್ಸ್ (ಸ್ಟ್ರೇ) ಸುಮಾರು 4 ಎಂದು ಹಿಡಿದರೂ ಹನ್ನೊಂದೂವರೆ. ಲೋಡ್ ಕಡಿಮೆಯಾದರೆ ಫ್ರೀಕ್ವೆನ್ಸಿ ಏರುತ್ತದೆ. ಟೈಮರ್ ಮುಂದೆ ಓಡುತ್ತಿದ್ದುದು ಅದಕ್ಕೇ. 18ರಲ್ಲಿ 4 ಕಳೆದು ಎರಡರಿಂದ ಗುಣಿಸಿದರೆ 28. ಅಂಗಡಿಯಲ್ಲಿ ಸಿಗುವುದು 27. ಎನ್‌ಪಿಓ ಎಂಬ ಬಗೆಯ ಸೆರಾಮಿಕ್ ಕೆಪಾಸಿಟರನ್ನೇ ತಂದೆ, ಬಿಸಿಲಿಗೆ ಅದರ ಕೆಪಾಸಿಟೆನ್ಸ್ ಹೆಚ್ಚುಕಡಿಮೆ ಅಲುಗುವುದಿಲ್ಲ.

ಫ್ರೀಕ್ವೆನ್ಸಿ ಅಳೆಯುವವರು ದಯವಿಟ್ಟು ಆಸಿಲೋಸ್ಕೋಪಿನ ಪ್ರೋಬನ್ನು ಕ್ರಿಸ್ಟಲ್ ಕಾಲಿಗೇ ಇಡಬೇಡಿ. 10ಎಕ್ಸ್ ಪ್ರೋಬು ಕೂಡ ಹತ್ತರ ಆಸುಪಾಸು ಪಿಕೋಫ್ಯಾರಡ್ ಸೇರಿಸಿ ಅಳತೆಯನ್ನೇ ಕೆಡಿಸುತ್ತದೆ. ನಾನು ಚಿಪ್ಪಿನ ಫ್ಯೂಸ್ (ಅದರೊಳಗಿನ ಸೆಟ್ಟಿಂಗ್) ಬದಲಿಸಿ, ಅದೇ ಫ್ರೀಕ್ವೆನ್ಸಿ ಹೊರಬರುವ ಕ್ಲಾಕ್ ಔಟ್‌ಪುಟ್ ಪಿನ್ನಿನಲ್ಲಿ ನೋಡಿದೆ.

ಟೈಮರ್ ಈಗ ಬಹಳ ಸುಧಾರಿಸಿದೆ. ಉಳಿದ ಚೂರು ವ್ಯತ್ಯಾಸ ಕ್ರಿಸ್ಟಲ್‌ನದ್ದೇ ಟಾಲರೆನ್ಸ್ (ತಯಾರಿಕೆಯಲ್ಲೇ ಇರುವ ಸಣ್ಣ ಏರುಪೇರು) ಇರಬೇಕು, ನೀರು ಬಿಡುವುದಕ್ಕೆ ಅದು ಲೆಕ್ಕಕ್ಕಿಲ್ಲ. ನಮ್ಮ ಕಡೆಯ ಮಳೆಗಾಲದ ತೇವ ಬೋರ್ಡಿನ ಮೇಲೆ ಕೂತರೆ ಸ್ಟ್ರೇ ಬದಲಾಗುತ್ತದೆ. ಆದ್ದರಿಂದ ಬೆಸುಗೆಯ ಫ್ಲಕ್ಸ್ ತೊಳೆದು, ಜೂನ್‌ಗೆ ಮೊದಲೇ ವಾರ್ನಿಶ್ ಹೊಡೆಯುತ್ತೇನೆ.