ಅಪ್ಪನ ಮೂತ್ರಕೋಶ ತೆಗೆಸುವುದೋ, ಉಳಿಸಿಕೊಳ್ಳುವುದೋ?

ಕಾರಟಗಿಯಿಂದ ಪ್ರಶ್ನೆ:
ಅಪ್ಪನಿಗೆ 64 ವರ್ಷ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಮೂರು ಎಕರೆ ಭತ್ತ ಬೆಳೆಯುತ್ತಾರೆ. ನಲವತ್ತು ವರ್ಷ ಬೀಡಿ ಸೇದಿದ್ದಾರೆ. ಯುಗಾದಿಯ ಹೊತ್ತಿಗೆ ಮೂತ್ರದಲ್ಲಿ ರಕ್ತ ಕಾಣಿಸಿತು, ನೋವೇನೂ ಇರಲಿಲ್ಲ. ಉಷ್ಣವಾಗಿದೆ ಎಂದು ಬಾರ್ಲಿ ನೀರು ಕುಡಿಸಿದೆವು. ವೈದ್ಯರೊಬ್ಬರು ಕಲ್ಲಿರಬಹುದು ಎಂದು ಮಾತ್ರೆ ಕೊಟ್ಟರು. ರಕ್ತ ತಾನಾಗಿಯೇ ನಿಂತಿತು, ನಾವೂ ಸುಮ್ಮನಾದೆವು. ಆ ನಾಲ್ಕು ತಿಂಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ಮೂತ್ರದ ದಾರಿಯಲ್ಲಿ ದುರ್ಬೀನು ಹಾಕಿ ಗಡ್ಡೆಯನ್ನು ಕೆರೆದು ತೆಗೆದಿದ್ದಾರೆ. ಹೈ ಗ್ರೇಡ್ (ಬೇಗ ಬೆಳೆಯುವ ಬಗೆಯ) ಕ್ಯಾನ್ಸರ್, ಮೂತ್ರಕೋಶದ ಸ್ನಾಯುವಿಗೆ ಇಳಿದಿದೆ, ಅಂದರೆ ಟಿ2 ಹಂತ ಎಂದು ವರದಿ ಬಂದಿದೆ. ಒಬ್ಬ ತಜ್ಞರು ಮೊದಲು ಕಿಮೋ, ಆಮೇಲೆ ಮೂತ್ರಕೋಶ ತೆಗೆದು ಹೊಟ್ಟೆಗೆ ಮೂತ್ರದ ಚೀಲ ಎನ್ನುತ್ತಾರೆ. ಇನ್ನೊಬ್ಬರು ವಿಕಿರಣವನ್ನೂ ಕಿಮೋವನ್ನೂ ಒಟ್ಟಿಗೆ ಕೊಟ್ಟು ಉಳಿಸಲು ನೋಡಬಹುದು ಎಂದರು. ಅಪ್ಪನದು ಒಂದೇ ಮಾತು: “ಚೀಲ ಕಟ್ಟಿಕೊಂಡು ಗದ್ದೆಗೆ ಹೇಗೆ ಇಳಿಯಲಿ, ದೇವರ ಮುಂದೆ ಹೇಗೆ ಕೂರಲಿ?”

ಸಿಂಧನೂರಿನಿಂದ ಉತ್ತರ:
ತಂಗಿ, ನನ್ನ ಮೂತ್ರಕೋಶವನ್ನು 2018ರಲ್ಲಿ ತೆಗೆದರು. ಸಣ್ಣ ಕರುಳಿನ ತುಂಡಿನಿಂದ ಮೂತ್ರಕ್ಕೆ ದಾರಿ ಮಾಡಿ, ಹೊಕ್ಕುಳಿನ ಬಲಕ್ಕೆ ಬಾಯಿ ಇಟ್ಟಿದ್ದಾರೆ. ಚೀಲವನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸುತ್ತೇನೆ. ಗದ್ದೆಗೆ ಇಳಿಯುತ್ತೇನೆ, ಮೂಟೆ ಮಾತ್ರ ಎತ್ತುವುದಿಲ್ಲ, ಎತ್ತಿದರೆ ಆ ಜಾಗದಲ್ಲಿ ಹರ್ನಿಯಾ ಆಗಬಹುದು. ಸ್ನಾನ ಮಾಡಿ, ಹೊಸ ಚೀಲ ಹಾಕಿಕೊಂಡು ಪೂಜೆಗೆ ಕೂರುತ್ತೇನೆ. ದೇವರು ಬೇಡವೆಂದಿಲ್ಲ.

ಒಂದನ್ನು ಮರೆಯಬೇಡಿ. ಶಸ್ತ್ರಚಿಕಿತ್ಸೆಗೆ ಮೊದಲೇ ಅಪ್ಪ ಪಂಚೆ ಉಟ್ಟು, ಕುಳಿತು, ಬಗ್ಗಿ ತೋರಿಸಲಿ. ಪಂಚೆಯ ಕಟ್ಟು ಬರುವ ಜಾಗ ಬಿಟ್ಟು, ಬಾಯಿ ಇಡುವ ಕಡೆ ಗುರುತು ಹಾಕಿಸಿ. ನನಗೆ ಹಾಗೆ ಮಾಡಲಿಲ್ಲ, ಒಂದು ವರ್ಷ ಸೋರಿಕೆ ಅನುಭವಿಸಿದೆ. ಗಂಡಸರಿಗೆ ಸಾಮಾನ್ಯವಾಗಿ ಪ್ರಾಸ್ಟೇಟನ್ನೂ ತೆಗೆಯುತ್ತಾರೆ. ಅದರಿಂದ ದಾಂಪತ್ಯಕ್ಕೆ ಏನಾಗುತ್ತದೆ ಎಂಬುದನ್ನು ವೈದ್ಯರೇ ಅಪ್ಪನಿಗೆ ಹೇಳಲಿ, ಆಗ ನೀವು ಹೊರಗಿರಿ.

ಬಳ್ಳಾರಿಯಿಂದ ಉತ್ತರ:
ನಮ್ಮ ಯಜಮಾನರು ಉಳಿಸಿಕೊಳ್ಳುವ ದಾರಿ ಹಿಡಿದರು. ಅವರದು ಒಂದೇ ಗಡ್ಡೆ, ಪೂರ್ತಿ ಕೆರೆಯಲು ಸಾಧ್ಯವಾಗಿತ್ತು, ಮೂತ್ರಪಿಂಡ ಊದಿರಲಿಲ್ಲ. ಇವೆಲ್ಲ ಕೂಡಿಬಂದರೆ ಮಾತ್ರ ಈ ದಾರಿ ಎಂದು ನಮ್ಮ ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ವಾರಕ್ಕೆ ಐದು ದಿನದಂತೆ ಆರೂವರೆ ವಾರ ವಿಕಿರಣ. ಬೆಂಗಳೂರಿನಲ್ಲಿ ಕೋಣೆ ಹಿಡಿದಿದ್ದೆವು. ಆಮೇಲೂ ಮೂರು ತಿಂಗಳಿಗೊಮ್ಮೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ದುರ್ಬೀನು ಪರೀಕ್ಷೆಗೆ ಹೋಗುತ್ತಿದ್ದೆವು. ಪ್ರತಿ ಸಲ ಆ ಹಿಂದಿನ ರಾತ್ರಿ ನನಗೆ ನಿದ್ದೆಯಿಲ್ಲ. ಗಡ್ಡೆ ಮರಳಿದರೆ ಕೋಶ ತೆಗೆಯಲೇಬೇಕು, ವಿಕಿರಣವಾದ ಮೇಲೆ ಆ ಶಸ್ತ್ರಚಿಕಿತ್ಸೆ ಇನ್ನೂ ಕಷ್ಟ. ರಕ್ತ ಪರೀಕ್ಷೆಯಲ್ಲಿ ಅಪ್ಪನ ಕ್ರಿಯಾಟಿನಿನ್ ಎಷ್ಟಿದೆ ನೋಡಿ, ಅದು ಮೂತ್ರಪಿಂಡ ಹೇಗಿದೆ ಎಂದು ತೋರಿಸುತ್ತದೆ; ಸಿಸ್‌ಪ್ಲಾಟಿನ್ ಎಂಬ ಕಿಮೋ ಔಷಧಿ ಕೊಡಲು ಮೂತ್ರಪಿಂಡ ಚೆನ್ನಾಗಿರಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕೇಳಿ. ಯಾವುದಾದರೂ ಸರಿ, ತಡ ಮಾಡಬೇಡಿ.

ಕಾರಟಗಿಯಿಂದ ಮತ್ತೆ:
ಅಕ್ಕಾ, ಸ್ಕ್ಯಾನ್ ವರದಿ ಮತ್ತೆ ತೆಗೆದು ನೋಡಿದೆ. ಬಲ ಮೂತ್ರಪಿಂಡ ಊದಿದೆ ಎಂದು ಬರೆದಿದೆ. ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸೋಮವಾರ ಮೊದಲು ಅದನ್ನೇ ಕೇಳುತ್ತೇನೆ.

ಸಿಂಧನೂರಿನ ಅಣ್ಣಾ, ನಿಮ್ಮ ಉತ್ತರವನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಭಾನುವಾರ ಅವರನ್ನು ನಿಮ್ಮ ಮನೆಗೆ ಕರೆದುಕೊಂಡು ಬರಲೇ? ನೀವು ಪಂಚೆ ಹೇಗೆ ಕಟ್ಟುತ್ತೀರಿ ಎಂದು ನೋಡಬೇಕಂತೆ.